ಕಡೇ ಬಸ್ಸು ತಪ್ಪದ ಹಾಗೆ…

ಮಾದಪ್ಪನ ಸೀಮೆಯಲ್ಲಿ ಬಸ್ಸು ಹತ್ತುವ ಹೆಣ್ಣುಮಕ್ಕಳಿಗೆ ಒಂದಿಷ್ಟು ತಿಳಿವಳಿಕೆಯ ಮಾತು

ಪಟ್ಟಣದಲ್ಲಿ ಒಂದು ಬಸ್ಸು ತಪ್ಪಿದರೆ ಹತ್ತು ನಿಮಿಷಕ್ಕೆ ಇನ್ನೊಂದು ಬರುತ್ತದೆ. ಹಳ್ಳಿಗಾಡಿನಲ್ಲಿ ಹಾಗಲ್ಲ. ಬೆಳಗಿನ ಬಸ್ಸು ತಪ್ಪಿದರೆ ಆವತ್ತಿನ ಕೆಲಸವೇ ಕೆಟ್ಟಿತು. ಸಂಜೆಯ ಬಸ್ಸು ತಪ್ಪಿದರಂತೂ ಕೇಳಲೇಬೇಡಿ! ಗಂಡಸಾದರೆ ನಿಲ್ದಾಣದ ಕಲ್ಲುಬೆಂಚಿನ ಮೇಲೆ ಟವೆಲು ಹಾಸಿಕೊಂಡು ಮಲಗಿಯಾನು. ಇಲ್ಲವೇ ದಾರಿಯಲ್ಲಿ ಹೋಗುವ ಯಾವುದೋ ಮೋಟಾರ್ ಸೈಕಲ್ಲಿಗೆ ಕೈ ತೋರಿಸಿಯಾನು. ಹೆಣ್ಣುಮಗಳು ಏನು ಮಾಡಬೇಕು? ಮನೆಯಲ್ಲಿ ಮಗು ಅಳುತ್ತಿರುತ್ತದೆ. ಹಸು ಕರೆಯುವ ಹೊತ್ತು ಮೀರಿರುತ್ತದೆ. ಅತ್ತೆಯ ಕಣ್ಣು ದಾರಿಯ ಮೇಲೇ ಇರುತ್ತದೆ. ನಾಳೆ ಬೆಳಿಗ್ಗೆ ಮನೆ ಸೇರಿದರೆ ನೂರೆಂಟು ಪ್ರಶ್ನೆ.

ಕೊಳ್ಳೇಗಾಲ, ಹನೂರು, ಯಳಂದೂರು ಕಡೆಯ ಹೆಂಗಸರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಒಂದು ಕಡೆ ಬಿಳಿಗಿರಿರಂಗನ ಬೆಟ್ಟದ ಕಾಡು, ಇನ್ನೊಂದು ಕಡೆ ಮಲೆ ಮಹದೇಶ್ವರ ಬೆಟ್ಟದ ಕಾಡು, ನಡುವೆ ಚದುರಿದ ಹಾಗೆ ಊರುಗಳು. ಆಸ್ಪತ್ರೆಗಾಗಲಿ, ಕಾಲೇಜಿಗಾಗಲಿ, ರೇಷ್ಮೆಗೂಡಿನ ಮಾರುಕಟ್ಟೆಗಾಗಲಿ, ತವರಿಗಾಗಲಿ ಬಸ್ಸಿಲ್ಲದೆ ನಡೆಯದು. ಮಾದಪ್ಪನ ದರ್ಶನಕ್ಕೆ ದೂರದೂರಿಂದ ಬರುವ ಸೋದರಿಯರಿಗೂ ಈ ದಾರಿಯ ರೀತಿನೀತಿ ತಿಳಿದಿರಬೇಕು. ಬಸ್ಸು ಹತ್ತುವುದರಲ್ಲಿ ಕಲಿಯುವುದೇನಿದೆ ಅನ್ನುತ್ತೀರಾ? ಬಹಳ ಇದೆ! ಅಡುಗೆಮನೆಯಲ್ಲಿ ಬೆಂಕಿಯ ಹದ ತಿಳಿದ ಹಾಗೆ ಬಸ್ಸಿನ ಹದವೂ ತಿಳಿದಿದ್ದರೆ ಹೆಣ್ಣು ಯಾರ ಕೈಯನ್ನೂ ಕಾಯದೆ ಹೋಗಿ ಬರಬಲ್ಲಳು.

ಬಸ್ಸು ಬಂದ ದಾರಿ

ಮೈಸೂರು ಸಂಸ್ಥಾನದಲ್ಲಿ ಸರ್ಕಾರಿ ಬಸ್ಸು ಶುರುವಾದದ್ದು 1948ರ ಸೆಪ್ಟೆಂಬರಿನಲ್ಲಿ, 120 ಬಸ್ಸುಗಳೊಂದಿಗೆ. 1961ರಲ್ಲಿ ಅದು ನಿಗಮವಾಯಿತು. 1973ರಲ್ಲಿ ನಾಡಿಗೆ ಕರ್ನಾಟಕವೆಂದು ಹೆಸರಾದಾಗ ನಿಗಮದ ಹೆಸರೂ ಬದಲಾಯಿತು. ಆದರೆ ಕೊಳ್ಳೇಗಾಲದ ಕಥೆ ಸ್ವಲ್ಪ ಬೇರೆ. 1956ರ ನವೆಂಬರ್ 1ರವರೆಗೆ ಈ ತಾಲ್ಲೂಕು ಮದ್ರಾಸ್ ರಾಜ್ಯದ ಕೊಯಮತ್ತೂರು ಜಿಲ್ಲೆಗೆ ಸೇರಿತ್ತು. ಪಕ್ಕದ ಯಳಂದೂರು ಮೈಸೂರಿನದು! ಒಂದು ಗಂಟೆಯೂ ಬೇಡದ ದಾರಿ. ಆದರೂ ಯಳಂದೂರಿನ ಮಗಳನ್ನು ಕೊಳ್ಳೇಗಾಲಕ್ಕೆ ಕೊಟ್ಟರೆ ಬೇರೆ ರಾಜ್ಯಕ್ಕೇ ಕೊಟ್ಟ ಹಾಗೆ. ಆಮೇಲೆ ಎರಡೂ ಮೈಸೂರು ಜಿಲ್ಲೆಯಲ್ಲಿ ಕೂಡಿದವು. 1997ರಲ್ಲಿ ಚಾಮರಾಜನಗರ ಜಿಲ್ಲೆಯಾಯಿತು. ಕೊಳ್ಳೇಗಾಲ ತಾಲ್ಲೂಕಿನ ಹೋಬಳಿಯಾಗಿದ್ದ ಹನೂರು ಈಚೆಗೆ ತಾನೇ ಒಂದು ತಾಲ್ಲೂಕಾಗಿದೆ.

ಇಷ್ಟೆಲ್ಲ ಆದರೂ ಕಾಡಂಚಿನವರ ಪಾಲಿಗೆ ಇಂದಿಗೂ ದೊಡ್ಡ ಪೇಟೆಯೆಂದರೆ ಕೊಳ್ಳೇಗಾಲವೇ. ಈ ಸೀಮೆಯ ಬಸ್ಸಿನ ದಾರಿಗಳೆಲ್ಲ ಜಡೆಯ ಎಳೆಗಳ ಹಾಗೆ ಕೊಳ್ಳೇಗಾಲದಲ್ಲಿ ಬಂದು ಕೂಡುತ್ತವೆ.

ಯಾವ ಬೆಟ್ಟ ಕನವ್ವಾ?

ಕೊಳ್ಳೇಗಾಲದ ನಿಲ್ದಾಣದಲ್ಲಿ ನಿಂತು "ಅಣ್ಣಾ, ಇದು ಬೆಟ್ಟಕ್ಕೆ ಹೋಯ್ತದಾ?" ಎಂದು ಕೇಳಿ ನೋಡಿ. "ಯಾವ ಬೆಟ್ಟ ಕನವ್ವಾ?" ಎಂದೇ ಮರುಪ್ರಶ್ನೆ ಬರುವುದು. ಈ ಕಡೆ ಬೆಟ್ಟವೆಂದರೆ ಎರಡು. ಮಾದಪ್ಪನ ಬೆಟ್ಟ ಒಂದು, ರಂಗಪ್ಪನ ಬೆಟ್ಟ ಇನ್ನೊಂದು. ಎರಡರ ದಾರಿಯೂ ಬೇರೆ ಬೇರೆ ದಿಕ್ಕಿಗೆ. ಅರೆಬರೆ ಕೇಳಿಸಿಕೊಂಡು ಹತ್ತಿದರೆ ಮಾದಪ್ಪನಿಗೆ ಹೊರಟವರು ರಂಗಪ್ಪನ ಬುಡದಲ್ಲಿ ಇಳಿದಾರು. ಆದುದರಿಂದ ದಾರಿಯನ್ನು ಮೊದಲೇ ಮನಸ್ಸಿನಲ್ಲಿ ಇಟ್ಟುಕೊಳ್ಳಿ.

ಮಹದೇಶ್ವರ ಬೆಟ್ಟದ ದಾರಿ ಕೊಳ್ಳೇಗಾಲದಿಂದ ಹನೂರು, ಕೌದಳ್ಳಿ, ತಾಳಬೆಟ್ಟದ ಮೇಲೆ ಹೋಗುತ್ತದೆ. ಒಟ್ಟು ಸುಮಾರು 80 ಕಿಲೋಮೀಟರು. ಹನೂರಿಗೆ ಅದರಲ್ಲಿ ಸುಮಾರು 25. ತಾಳಬೆಟ್ಟದವರೆಗೆ ದಾರಿ ಸಲೀಸು, ಅಲ್ಲಿಂದ ಮೇಲಕ್ಕೆ ಘಟ್ಟ. ಹೆಸರಿನಲ್ಲಿ ಬೆಟ್ಟವಿದ್ದರೂ ತಾಳಬೆಟ್ಟ ಇರುವುದು ಬೆಟ್ಟದ ಬುಡದಲ್ಲಿ, ತುದಿಯಲ್ಲಲ್ಲ! ಹರಕೆ ಹೊತ್ತು ನಡೆದು ಹತ್ತುವವರು ಅಲ್ಲಿ ಇಳಿಯುತ್ತಾರೆ. ಉಳಿದವರು ಬಸ್ಸಿನಲ್ಲೇ ಕೂತಿರಬೇಕು.

ಬಿಳಿಗಿರಿರಂಗನ ಬೆಟ್ಟಕ್ಕೆ ಯಳಂದೂರಿನ ಮೇಲೆ ಹೋಗಬೇಕು. ಯಳಂದೂರಿನಿಂದ ಸುಮಾರು 24 ಕಿಲೋಮೀಟರು. ಚಾಮರಾಜನಗರಕ್ಕೆ ಯಳಂದೂರು, ಸಂತೇಮರಹಳ್ಳಿ ದಾರಿ. ಮೈಸೂರಿಗೆ ತಿರುಮಕೂಡಲು ನರಸೀಪುರದ ದಾರಿ. ಬೆಂಗಳೂರಿಗೆ ಸತ್ತೇಗಾಲ, ಮಳವಳ್ಳಿಯ ದಾರಿ. ಹನೂರಿನಿಂದ ಅಜ್ಜೀಪುರ, ರಾಮಾಪುರದ ಕಡೆಗೆ ಹೋಗುವ ಬಸ್ಸು ಬೇರೆ. ಲೊಕ್ಕನಹಳ್ಳಿ, ಒಡೆಯರಪಾಳ್ಯದ ಕಡೆಗೆ ಹೋಗುವ ಬಸ್ಸು ಬೇರೆ. ಮಹದೇಶ್ವರ ಬೆಟ್ಟದಿಂದ ಆ ಕಡೆಗೆ ಇಳಿದರೆ ಪಾಲಾರ್. ಅದನ್ನು ದಾಟಿದರೆ ತಮಿಳುನಾಡಿನ ಮೆಟ್ಟೂರು.

ಬಸ್ಸಿನ ಹಣೆಯ ಮೇಲಿನ ಬೋರ್ಡಿನಲ್ಲಿ ಕಡೆಯ ಊರು ಮಾತ್ರವಲ್ಲ, ನಡುವಿನ ಊರುಗಳನ್ನೂ ಓದಿ. ನಿಮ್ಮ ಊರು ನಡುದಾರಿಯದಾದರೆ "ಇಲ್ಲಿ ನಿಲ್ಲುತ್ತದೆಯೇ?" ಎಂದು ಹತ್ತುವ ಮೊದಲೇ ಕೇಳಿ. ವೇಗದೂತ ಬಸ್ಸುಗಳು ಸಣ್ಣ ಊರುಗಳಲ್ಲಿ ನಿಲ್ಲದೆ ಹೋಗುವುದುಂಟು. ಓದು ಬಾರದ ಅಜ್ಜಿಯಂದಿರು ನಿಲ್ದಾಣದಲ್ಲಿ ನಿಂತಿದ್ದರೆ, ಓದು ಬಲ್ಲ ನೀವು ಒಂದು ಮಾತು ಹೇಳಿ. ಬೋರ್ಡು ಓದಿ ಹೇಳುವುದೂ ಪುಣ್ಯದ ಕೆಲಸವೇ.

ದುಡ್ಡು ಬೇಡ, ಟಿಕೆಟ್ ಬೇಕು

2023ರ ಜೂನ್ 11ರಿಂದ ಕರ್ನಾಟಕದ ಹೆಣ್ಣುಮಕ್ಕಳಿಗೆ ಸರ್ಕಾರಿ ಬಸ್ಸಿನಲ್ಲಿ ದುಡ್ಡಿಲ್ಲದೆ ಓಡಾಡುವ ಶಕ್ತಿ ಯೋಜನೆ ಬಂತು. 2025ರ ಜುಲೈ ಹೊತ್ತಿಗೆ ಈ ಯೋಜನೆಯಲ್ಲಿ ಹೆಂಗಸರು ಪಡೆದ ಟಿಕೆಟ್ಟುಗಳ ಲೆಕ್ಕ 500 ಕೋಟಿ ಮುಟ್ಟಿತು! ಕೂಲಿಯ ಅರ್ಧ ದುಡ್ಡನ್ನು ಬಸ್ಸಿಗೇ ಕೊಡುತ್ತಿದ್ದ ಹೆಣ್ಣಿಗೆ ಇದು ಎಷ್ಟು ದೊಡ್ಡದು ಎಂಬುದನ್ನು ಲೆಕ್ಕ ಹೇಳಲಾರದು. ತವರಿಗೆ ಹೋಗಲು ಗಂಡನ ಮುಂದೆ ಕೈ ಚಾಚಬೇಕಾಗಿದ್ದವಳು ಈಗ ಚೀಟಿ ತೋರಿಸಿ ಹೋಗಿ ಬರುತ್ತಾಳೆ.

ಆದರೆ ಇದರಲ್ಲೂ ತಿಳಿಯಬೇಕಾದ ನಾಲ್ಕು ಮಾತಿವೆ.

ಮೊದಲನೆಯದು, ದುಡ್ಡು ಕೊಡಬೇಕಿಲ್ಲವಾದರೂ ಟಿಕೆಟ್ ಪಡೆಯಲೇಬೇಕು. "ಫ್ರೀ ಅಲ್ವಾ, ಟಿಕೆಟ್ ಯಾಕೆ?" ಎಂದು ಸುಮ್ಮನೆ ಕೂರಬೇಡಿ. ಕಂಡಕ್ಟರು ಕೊಡುವ ಆ ಶೂನ್ಯ ಟಿಕೆಟ್ಟೇ ನೀವು ಪ್ರಯಾಣ ಮಾಡಿದ್ದಕ್ಕೆ ಸಾಕ್ಷಿ. ತಪಾಸಣೆಯವರು ಹತ್ತಿದಾಗ ಕೈಯಲ್ಲಿ ಅದಿರಬೇಕು. ಇನ್ನೊಂದು ವಿಚಾರವನ್ನೂ ಯೋಚಿಸಿ. ನಿಮ್ಮ ಊರಿನಿಂದ ಎಷ್ಟು ಜನ ಓಡಾಡುತ್ತಾರೆ ಎಂದು ನಿಗಮಕ್ಕೆ ಗೊತ್ತಾಗುವುದು ಟಿಕೆಟ್ಟಿನ ಲೆಕ್ಕದಿಂದಲೇ. ಲೆಕ್ಕಕ್ಕೆ ಬಾರದ ಹೆಂಗಸರಿಗಾಗಿ ಬಸ್ಸು ಹೆಚ್ಚಿಸಿ ಎಂದು ಕೇಳುವುದು ಹೇಗೆ?

ಎರಡನೆಯದು, ಕರ್ನಾಟಕದ ವಿಳಾಸವಿರುವ ಗುರುತಿನ ಚೀಟಿ ಜೊತೆಗಿರಲಿ. ಆಧಾರ್ ಆದೀತು, ಮತದಾರರ ಚೀಟಿ ಆದೀತು. ಗಡಿ ಸೀಮೆಯಲ್ಲಿ ಇದು ಮುಖ್ಯ. ಮೆಟ್ಟೂರು, ಅಂದಿಯೂರು ಕಡೆಗೆ ಮದುವೆಯಾಗಿ ಹೋದ ಹೆಣ್ಣುಮಗಳ ಚೀಟಿಯಲ್ಲಿ ತಮಿಳುನಾಡಿನ ವಿಳಾಸವಿದ್ದರೆ ಇಲ್ಲಿ ಟಿಕೆಟ್ ಕೊಳ್ಳಬೇಕಾಗುತ್ತದೆ. ಅವರ ಕಡೆಯ ಸಾಮಾನ್ಯ ಟೌನ್ ಬಸ್ಸುಗಳಲ್ಲಿ 2021ರಿಂದ ಹೆಂಗಸರಿಗೆ ಟಿಕೆಟ್ ಇಲ್ಲ ಅನ್ನುವುದು ಬೇರೆ ಮಾತು.

ಮೂರನೆಯದು, ಎಲ್ಲ ಬಸ್ಸಿಗೂ ಇದು ನಡೆಯದು. ಸಾಮಾನ್ಯ ಸಾರಿಗೆ, ವೇಗದೂತ ಬಸ್ಸುಗಳಿಗೆ ನಡೆಯುತ್ತದೆ. ರಾಜಹಂಸ, ಹವಾನಿಯಂತ್ರಿತ ಬಸ್ಸು, ಮಲಗಿ ಹೋಗುವ ಬಸ್ಸು, ಗಡಿ ದಾಟುವ ಅಂತರರಾಜ್ಯ ಬಸ್ಸುಗಳಿಗೆ ಇಲ್ಲ. ಈ ಸೀಮೆಯಲ್ಲಿ ಖಾಸಗಿ ಬಸ್ಸುಗಳೂ ಓಡುತ್ತವೆ. ಅವುಗಳಲ್ಲಿ ಎಲ್ಲರೂ ದುಡ್ಡು ಕೊಡಬೇಕು. ಸರ್ಕಾರಿ ಬಸ್ಸೇ ಬರಲಿ ಎಂದು ಕಾಯುತ್ತಾ ಹೊತ್ತು ಮೀರಿಸುವುದು ಜಾಣತನವಲ್ಲ. ಎದುರಿಗೆ ಖಾಸಗಿ ಬಸ್ಸು ನಿಂತಿದೆ, ಕತ್ತಲು ಕವಿಯುತ್ತಿದೆ ಅಂದಾಗ ಸೆರಗಿನ ಗಂಟಿನಲ್ಲಿ ದಾರಿಖರ್ಚು ಇರಲೇಬೇಕು. ಫೋನಿನಲ್ಲಿ ದುಡ್ಡು ಕಳಿಸುತ್ತೇನೆ ಎಂದರೆ ಕಾಡಿನ ನಡುವೆ ಸಿಗ್ನಲ್ಲು ಸಿಕ್ಕಬೇಕಲ್ಲ? ಚಿಲ್ಲರೆಯೂ ಇರಲಿ. ಬಾಕಿ ಚಿಲ್ಲರೆಯನ್ನು ಟಿಕೆಟ್ಟಿನ ಹಿಂದೆ ಬರೆದುಕೊಟ್ಟರೆ ಇಳಿಯುವ ಒಂದು ಸ್ಟಾಪಿನ ಮುಂಚೆಯೇ ಕೇಳಿ ಪಡೆಯಿರಿ. ಇಳಿದ ಮೇಲೆ ಬಸ್ಸಿನ ಹಿಂದೆ ಓಡಿದರೆ ಧೂಳು ಮಾತ್ರ ಸಿಕ್ಕೀತು!

ನಾಲ್ಕನೆಯದು, ಜೊತೆಯ ಮಕ್ಕಳ ವಿಚಾರ. 6 ವರ್ಷದೊಳಗಿನ ಮಕ್ಕಳಿಗೆ ಟಿಕೆಟ್ ಇಲ್ಲ. 6ರಿಂದ 12ರವರೆಗಿನ ಗಂಡುಮಗುವಿಗೆ ಅರ್ಧ ಟಿಕೆಟ್. ಹೆಣ್ಣುಮಗುವಿಗೆ ಶಕ್ತಿ ಯೋಜನೆಯೇ ಉಂಟು. ಕುಳ್ಳಗಿದ್ದಾನೆ ಎಂದು ಹತ್ತು ವರ್ಷದವನನ್ನು ಐದು ಎಂದು ಹೇಳಿಸುವ ಅಭ್ಯಾಸ ಬೇಡ. ಮಗು ಅಮ್ಮನ ಬಾಯಿಂದಲೇ ಸುಳ್ಳು ಕಲಿತ ಹಾಗಾಗುತ್ತದೆ.

ಹಾಲ್ಟ್ ಬಸ್ಸಿನ ಗುಟ್ಟು

ಹಳ್ಳಿಗಾಡಿನ ಬಸ್ಸುಗಳಲ್ಲಿ ಹೆಂಗಸರು ಚೆನ್ನಾಗಿ ತಿಳಿದಿರಬೇಕಾದದ್ದು ಹಾಲ್ಟ್ ಬಸ್ಸು. ಸಂಜೆ ಪೇಟೆಯಿಂದ ಹೊರಟು ಕಡೆಯ ಹಳ್ಳಿ ಸೇರಿ, ರಾತ್ರಿ ಅಲ್ಲೇ ತಂಗಿ, ನಸುಕಿನಲ್ಲಿ ಮತ್ತೆ ಪೇಟೆಗೆ ಹೊರಡುವ ಬಸ್ಸು ಅದು. ಸಂಜೆ ಅದೇ ಕಡೇ ಬಸ್ಸು, ಬೆಳಿಗ್ಗೆ ಅದೇ ಮೊದಲ ಬಸ್ಸು. ಕಾಲೇಜಿನ ಹುಡುಗಿ, ಹೂವಿನ ಬುಟ್ಟಿಯ ಅಕ್ಕ, ಆಸ್ಪತ್ರೆಗೆ ಹೊರಟ ಬಸುರಿ, ಗಾರ್ಮೆಂಟ್ಸ್ ಕೆಲಸಕ್ಕೆ ಹೋಗುವ ಸೊಸೆ ಎಲ್ಲರೂ ಅದರಲ್ಲೇ.

ಹಾಲ್ಟ್ ಬಸ್ಸಿನ ಡ್ರೈವರು ಕಂಡಕ್ಟರು ನಿಮ್ಮೂರಿನಲ್ಲಿ ರಾತ್ರಿ ಕಳೆಯುವವರು. ಬಸ್ಸಿನ ಸೀಟಿನ ಮೇಲೋ ಗುಡಿಯ ಜಗಲಿಯ ಮೇಲೋ ಮಲಗುವವರು. ಅವರಿಗೆ ಕುಡಿಯುವ ನೀರು, ಸ್ನಾನಕ್ಕೊಂದು ಬಕೀಟು ನೀರು, ಊಟದ ವ್ಯವಸ್ಥೆ, ಬಚ್ಚಲು ಇವಿಷ್ಟನ್ನು ಊರಿನವರು ನೋಡಿಕೊಂಡರೆ ಬಸ್ಸು ನಿಲ್ಲದೆ ಬರುತ್ತದೆ. "ಆ ಊರಿಗೆ ಹಾಲ್ಟ್ ಹೋಗಲು ಯಾರೂ ಒಪ್ಪುವುದಿಲ್ಲ" ಎಂಬ ಮಾತು ಬಂದರೆ ನಷ್ಟ ಯಾರಿಗೆ? ಮನೆಗೊಂದು ದಿನ ಸರದಿಯ ಮೇಲೆ ಊಟ ಕೊಡುವ ಪದ್ಧತಿ ಇಟ್ಟುಕೊಂಡ ಊರುಗಳಿವೆ. ಒಂದು ಮುದ್ದೆ, ಒಂದಿಷ್ಟು ಸಾರು. ಅದರ ಬದಲಿಗೆ ಊರಿನ ಹೆಣ್ಣುಮಕ್ಕಳಿಗೆ ಓದು!

ಕಡೇ ಬಸ್ಸಿನ ವೇಳೆಯನ್ನು ಹೋಗುವಾಗಲೇ ಕೇಳಿಕೊಳ್ಳಿ, ಬರುವಾಗಲ್ಲ. ಬೆಳಿಗ್ಗೆ ಪೇಟೆಯಲ್ಲಿ ಇಳಿಯುವಾಗಲೇ ಕಂಡಕ್ಟರನ್ನು ಕೇಳಿ. "ಅಣ್ಣಾ, ಸಂಜೆಗೆ ನಮ್ಮೂರಿಗೆ ಕಡೇ ಬಸ್ಸು ಎಷ್ಟೊತ್ಗೆ? ಇವತ್ತು ಇದ್ದೇ ಇದ್ದದಾ?" ಈ ಎರಡನೆಯ ಪ್ರಶ್ನೆಯೇ ಮುಖ್ಯವಾದದ್ದು. ಗೋಡೆಯ ಮೇಲೆ ಬರೆದ ವೇಳಾಪಟ್ಟಿ ಬಸ್ಸಿರಬೇಕು ಎನ್ನುತ್ತದೆ. ಆವತ್ತು ಬಸ್ಸು ಇದೆಯೇ ಎಂಬುದನ್ನು ನಿಲ್ದಾಣದ ಕಂಟ್ರೋಲರೇ ಹೇಳಬೇಕು. ಅವರ ಕೋಣೆಯ ಮುಂದೆ ನಿಂತು ಕೇಳಲು ಸಂಕೋಚ ಬೇಡ. ಅವರು ಕೂತಿರುವುದೇ ಅದಕ್ಕೆ. ಕಡೇ ಬಸ್ಸನ್ನೇ ನಂಬದೆ ಅದರ ಹಿಂದಿನ ಬಸ್ಸಿಗೆ ಹೊರಡುವುದು ಇನ್ನೂ ಮೇಲು.

ಅಮಾವಾಸ್ಯೆಯ ನೂಕುನುಗ್ಗಲು

ಈ ಸೀಮೆಯ ಬಸ್ಸಿಗೆ ತನ್ನದೇ ಒಂದು ಪಂಚಾಂಗವಿದೆ. ಪ್ರತಿ ಅಮಾವಾಸ್ಯೆಗೂ ಮಾದಪ್ಪನ ಬೆಟ್ಟಕ್ಕೆ ಜನ ಹರಿದು ಬರುತ್ತದೆ. ಮಹಾಶಿವರಾತ್ರಿ, ಯುಗಾದಿ, ಮಹಾಲಯ ಅಮಾವಾಸ್ಯೆ, ದೀಪಾವಳಿಗಳಲ್ಲಂತೂ "ಉಘೇ ಮಾದಪ್ಪ" ಎಂಬ ಕೂಗು ಬಸ್ಸಿನೊಳಗೇ ಶುರುವಾಗುತ್ತದೆ. ದೀಪಾವಳಿಯಲ್ಲಿ ಬೇಡಗಂಪಣರ ಹೆಣ್ಣುಮಕ್ಕಳು ಹಾಲರವಿ ಹೊತ್ತು ತರುವುದನ್ನು ಕಣ್ತುಂಬಿಕೊಳ್ಳಲು ಹೆಂಗಸರು ಮಕ್ಕಳೊಂದಿಗೆ ಹೊರಡುತ್ತಾರೆ.

ಆ ದಿನಗಳಲ್ಲಿ ವಿಶೇಷ ಬಸ್ಸು ಬಿಡುತ್ತಾರೆ. ಆದರೆ ಬಸ್ಸುಗಳು ಆಕಾಶದಿಂದ ಬರುವುದಿಲ್ಲ. ಡಿಪೋದ ಬಸ್ಸುಗಳನ್ನು ಬೆಟ್ಟದ ದಾರಿಗೆ ತಿರುಗಿಸಿದಾಗ ಎಲ್ಲೋ ಒಂದು ಹಳ್ಳಿಯ ಟ್ರಿಪ್ಪಿಗೆ ಕತ್ತರಿ ಬೀಳುತ್ತದೆ. ಬೆಟ್ಟಕ್ಕೆ ಹೋಗುವವರಿಗೆ ಅನುಕೂಲ, ಕಾಡಂಚಿನ ಊರಿನವರಿಗೆ ಅನನುಕೂಲ. ಆದ್ದರಿಂದ ಆಸ್ಪತ್ರೆ, ಬ್ಯಾಂಕು, ತಾಲ್ಲೂಕು ಕಚೇರಿಯ ಕೆಲಸವನ್ನು ಅಮಾವಾಸ್ಯೆಯ ಹಿಂದುಮುಂದಿನ ದಿನ ಇಟ್ಟುಕೊಳ್ಳಬೇಡಿ. ಗೋಡೆಯ ಕ್ಯಾಲೆಂಡರಿನಲ್ಲಿ ಕಪ್ಪು ಚುಕ್ಕೆ ನೋಡಿ ಹೊರಡಿ.

ದರ್ಶನಕ್ಕೆಂದೇ ಹೊರಟವರು ಸಾಧ್ಯವಾದರೆ ಜಾತ್ರೆಯಲ್ಲದ ದಿನ ಹೋಗಿ. ಮಾದಪ್ಪ ಎಲ್ಲ ದಿನವೂ ಅಲ್ಲೇ ಇದ್ದಾನೆ. ಜಾತ್ರೆಗೇ ಹೋಗಬೇಕೆಂದರೆ ಮೈಮೇಲೆ ಒಡವೆ ಕಡಿಮೆ ಮಾಡಿ. ಮಗುವಿನ ಜೇಬಿನಲ್ಲಿ ಹೆಸರು, ಊರು, ಫೋನ್ ನಂಬರು ಬರೆದ ಚೀಟಿ ಇಡಿ. ಬಾಗಿಲಲ್ಲಿ ನೂಕಾಡಬೇಡಿ, ಕಿಟಕಿಯಲ್ಲಿ ಮಗುವನ್ನು ತೂರಿಸಿ ಸೀಟು ಹಿಡಿಯುವ ಸಾಹಸವಂತೂ ಖಂಡಿತ ಬೇಡ. ಶಕ್ತಿ ಯೋಜನೆ ಬಂದ ಮೇಲೆ ಅರ್ಧ ಸೀಟು ಗಂಡಸರಿಗೆ ಮೀಸಲು ಎಂಬ ನಿಯಮವೂ ಇದೆ. ನಾವು ನಮ್ಮ ಹಕ್ಕು ಕೇಳುವಾಗ ಕೂಲಿಯಿಂದ ದಣಿದು ಬಂದ ತಾತನ ಸೀಟನ್ನು ಮರೆಯಬಾರದು.

ಘಟ್ಟದ ತಿರುವು, ಹೊಟ್ಟೆಯ ತೊಳಸು

ತಾಳಬೆಟ್ಟ ದಾಟಿದ ಮೇಲೆ ಹಾವಿನ ಹಾಗೆ ಸುತ್ತುವ ದಾರಿ. ಒಂದು ತಿರುವಿಗೆ ಎಡಕ್ಕೆ, ಮರು ತಿರುವಿಗೆ ಬಲಕ್ಕೆ. ಅಭ್ಯಾಸವಿಲ್ಲದವರಿಗೆ ಹೊಟ್ಟೆ ತೊಳಸಿ ಬರುವುದು ಸಹಜ. ನಾಚಿಕೆಪಡುವಂಥದೇನೂ ಅಲ್ಲ. ಕಣ್ಣು ಬಸ್ಸಿನ ಒಳಗನ್ನು ನೋಡುತ್ತಿರುತ್ತದೆ, ಕಿವಿಯೊಳಗಿನ ಸಮತೋಲದ ಅಂಗ ಮಾತ್ರ ದೇಹ ತಿರುಗುತ್ತಿದೆ ಎಂದು ಹೇಳುತ್ತಿರುತ್ತದೆ. ಈ ಎರಡರ ಜಗಳವೇ ವಾಕರಿಕೆ.

ಮುಂದಿನ ಸಾಲುಗಳಲ್ಲಿ ಕುಳಿತು ದೂರದ ದಾರಿಯನ್ನು ನೋಡಿ. ಫೋನು, ಪುಸ್ತಕ ಬೇಡ. ಹಿಂದಿನ ಚಕ್ರದ ಮೇಲಿನ ಸೀಟು, ಕಡೆಯ ಸಾಲು ಬೇಡವೇ ಬೇಡ. ಕುಲುಕಾಟ ಅಲ್ಲೇ ಹೆಚ್ಚು. ಬರಿಹೊಟ್ಟೆಯೂ ಬೇಡ, ಬಿರಿಯುವಷ್ಟು ಊಟವೂ ಬೇಡ. ಎರಡು ಇಡ್ಲಿ ಸಾಕು, ಎಣ್ಣೆ ತಿಂಡಿ ಬೆಟ್ಟ ಹತ್ತಿದ ಮೇಲಿರಲಿ. ಮಾತ್ರೆ ನುಂಗುವವರು ಹೊರಡುವ ಅರ್ಧ ಗಂಟೆ ಮುಂಚೆಯೇ ನುಂಗಬೇಕು, ಘಟ್ಟದಲ್ಲಲ್ಲ. ಬಸುರಿಯರು, ಹಾಲೂಡಿಸುವ ತಾಯಂದಿರು ವೈದ್ಯರನ್ನು ಕೇಳದೆ ಮಾತ್ರೆ ಮುಟ್ಟಬಾರದು. ಕೈಯಲ್ಲೊಂದು ನಿಂಬೆಹಣ್ಣು, ಚೀಲದಲ್ಲಿ ಒಂದೆರಡು ಗಟ್ಟಿ ಕವರು ಇರಲಿ. ತಲೆಯನ್ನು ಕಿಟಕಿಯಿಂದ ಹೊರಗೆ ಹಾಕಬೇಡಿ. ತಿರುವಿನಲ್ಲಿ ಎದುರಿನ ಬಸ್ಸು ಎಷ್ಟು ಹತ್ತಿರ ಹಾಯುತ್ತದೆ ಎಂಬುದು ನೋಡಿದವರಿಗೇ ಗೊತ್ತು.

ಮನೆಯಲ್ಲೇ ಮಾಡಿಕೊಳ್ಳಬಹುದಾದ ಶುಂಠಿ ಉಂಡೆ ಘಟ್ಟದ ದಾರಿಗೆ ಒಳ್ಳೆಯ ಜೊತೆ. ಒಂದು ಬಟ್ಟಲು ಕುಟ್ಟಿದ ಬೆಲ್ಲ, ಎರಡು ಚಮಚ ಒಣಶುಂಠಿ ಪುಡಿ, ಎರಡು ಏಲಕ್ಕಿ, ಒಂದು ಚಮಚ ತುಪ್ಪ. ಏಲಕ್ಕಿಯನ್ನು ಪುಡಿ ಮಾಡಿ ಎಲ್ಲವನ್ನೂ ಒರಳಿನಲ್ಲಿ ಹಾಕಿ ಜಜ್ಜಿದರೆ ಬೆಲ್ಲ ತಾನೇ ಮೆತ್ತಗಾಗುತ್ತದೆ. ಗೋಲಿ ಗಾತ್ರದ ಉಂಡೆ ಕಟ್ಟಿ ಡಬ್ಬಿಗೆ ಹಾಕಿಡಿ. ತಿರುವು ಶುರುವಾದಾಗ ಒಂದನ್ನು ಬಾಯಲ್ಲಿಟ್ಟುಕೊಂಡು ಚೀಪುತ್ತಿದ್ದರೆ ಬಾಯಿಗೂ ಹಿತ, ಹೊಟ್ಟೆಗೂ ಹಿತ. ಸಕ್ಕರೆ ಕಾಯಿಲೆಯವರು ಬರಿಯ ಹಸಿಶುಂಠಿಯ ಚೂರಿಗೆ ಉಪ್ಪು ಸವರಿ ಇಟ್ಟುಕೊಳ್ಳಬಹುದು.

ಬುತ್ತಿಯ ಮಾತಿಗೆ ಬಂದರೆ, ಕಾಡಿನ ದಾರಿಯಲ್ಲಿ ಬಸ್ಸು ಕೆಟ್ಟು ನಿಂತರೆ ಹೋಟೆಲು ಹುಡುಕಲಾಗದು. ಎರಡು ರೊಟ್ಟಿ, ಒಂದಿಷ್ಟು ಹುಚ್ಚೆಳ್ಳು ಪುಡಿ, ಒಂದು ಬಾಟಲಿ ನೀರು ಸದಾ ಇರಲಿ. ತಿಂದ ಕಾಗದ, ಪ್ಲಾಸ್ಟಿಕ್ಕು ಕಿಟಕಿಯಿಂದ ಎಸೆಯಬೇಡಿ, ಕೋತಿಗೆ ತಿಂಡಿ ಹಾಕಬೇಡಿ. ಇದು ವನ್ಯಜೀವಿಗಳ ಸೀಮೆ. ಆನೆ ದಾರಿಗೆ ಬಂದು ಬಸ್ಸು ನಿಂತರೆ ಇಳಿಯಬೇಡಿ, ಕೂಗಬೇಡಿ. ಡ್ರೈವರಿಗೆ ಅದರ ಅಭ್ಯಾಸವಿರುತ್ತದೆ. ಆನೆಗೂ ದಾರಿ ಬೇಕಲ್ಲವೇ?

ಬಸುರಿ, ಬಾಣಂತಿ, ಕೈಗೂಸು

ದಿನ ತುಂಬುತ್ತಿರುವ ಬಸುರಿ ಕುಲುಕಾಟದ ಬಸ್ಸಿನಲ್ಲಿ ಒಬ್ಬಳೇ ಹೊರಡಬಾರದು. ಡ್ರೈವರಿನ ಹಿಂದಿನ ಸಾಲುಗಳು ಹೆಂಗಸರಿಗೆ ಮೀಸಲು. ಅಲ್ಲಿ ಬಸುರಿಗೆ ಮೊದಲ ಜಾಗ. ಯಾರಾದರೂ ಕೂತಿದ್ದರೆ ಕಂಡಕ್ಟರಿಗೆ ಹೇಳಿ ಎಬ್ಬಿಸಿ. ತಾಯಿ ಕಾರ್ಡು ಚೀಲದಲ್ಲಿರಲಿ. ಊರಿಗೆ ದಿನಕ್ಕೆ ಎರಡೇ ಬಸ್ಸು ಎಂದಾದರೆ ವೈದ್ಯರು ಹೇಳಿದ ದಿನಕ್ಕೆ ಒಂದೆರಡು ವಾರ ಮುಂಚೆಯೇ ಹನೂರಿನಲ್ಲೋ ಕೊಳ್ಳೇಗಾಲದಲ್ಲೋ ಇರುವ ನೆಂಟರ ಮನೆ ಸೇರಿಕೊಳ್ಳುವುದು ಕ್ಷೇಮ. ಆಶಾ ಕಾರ್ಯಕರ್ತೆಯ ನಂಬರು, 108ರ ನಂಬರು ಮನೆಯ ಎಲ್ಲರಿಗೂ ಬಾಯಿಪಾಠವಾಗಿರಲಿ. ನೋವು ಶುರುವಾದ ಮೇಲೆ ಬಸ್ಸು ಕಾಯುವುದಲ್ಲ.

ಕೈಗೂಸಿನ ತಾಯಂದಿರು ಕಿಟಕಿಯ ಪಕ್ಕ ಕೂತು ಹಗುರಾದ ಸೆರಗೊಂದನ್ನು ಹೊದ್ದುಕೊಂಡರೆ ಮಗುವಿಗೆ ಹಾಲೂಡಿಸಲು ಅಡ್ಡಿಯಿಲ್ಲ. ಹಸಿದ ಮಗು ಅಳುತ್ತಿರುವಾಗ ನಾಚಿಕೆ ದೊಡ್ಡದಲ್ಲ.

ಒಬ್ಬಳೇ ಹೋಗುವುದೇ?

ಮಾದಪ್ಪನ ಕಥೆ ಕೇಳಿದವರಿಗೆಲ್ಲ ಸಂಕಮ್ಮ ಗೊತ್ತು. ಕಂಸಾಳೆಯವರು ರಾತ್ರಿಯಿಡೀ ಹಾಡುವ ಆ ಕಥೆಯಲ್ಲಿ ನೀಲೇಗೌಡ ಜೇನಿಗೆಂದು ಕಾಡಿಗೆ ಹೊರಡುವ ಮುನ್ನ ಹೆಂಡತಿಯ ಮೇಲೆ ಅನುಮಾನಪಟ್ಟು ಭಾಷೆ ಕೇಳುತ್ತಾನೆ. ಅವಳು ಕೊಡುವುದಿಲ್ಲ. ಹಿಂಸೆ ಮಾಡಿ, ಗುಡಿಸಲಿನಲ್ಲಿ ಕೂಡಿಹಾಕಿ ಹೋಗುತ್ತಾನೆ. ಕಡೆಗೆ ಅವಳ ಕೈ ಹಿಡಿದವನು ಮಾದಪ್ಪನೇ. ಆ ಕಥೆ ಕೇಳಿ ಕಣ್ಣೀರಿಟ್ಟ ಜನರೇ "ಹೆಂಗಸು ಒಬ್ಬಳೇ ಬಸ್ಸಿನಲ್ಲಿ ಹೋಗುವುದೇ?" ಎಂದು ಹುಬ್ಬೇರಿಸಿದರೆ ಏನನ್ನೋಣ!

ಭಯಕ್ಕೆ ಕಾರಣ ಇಲ್ಲವೆಂದಲ್ಲ. ತುಂಬಿದ ಬಸ್ಸಿನಲ್ಲಿ ಬೇಕೆಂದೇ ಮೈಗೆ ತಾಗುವವರು ಹಿಂದೆಯೂ ಇದ್ದರು, ಈಗಲೂ ಇದ್ದಾರೆ. ಹಾಗಾದಾಗ ತಲೆ ತಗ್ಗಿಸಿ ಸರಿಯಬೇಡಿ. ಗಟ್ಟಿಯಾಗಿ, ಎಲ್ಲರಿಗೂ ಕೇಳುವ ಹಾಗೆ, "ಸರಿಯಾಗಿ ನಿಂತ್ಕೊಳ್ಳಿ" ಎನ್ನಿ. ಮಾತು ಹೊರಬಿದ್ದರೆ ಅರ್ಧ ಧೈರ್ಯ ಅವನಿಗೇ ಇಳಿಯುತ್ತದೆ. ಆಮೇಲೂ ನಿಲ್ಲದಿದ್ದರೆ ಕಂಡಕ್ಟರಿಗೆ ಹೇಳಿ, ಬಸ್ಸನ್ನು ಪೊಲೀಸ್ ಠಾಣೆಯ ಮುಂದೆ ನಿಲ್ಲಿಸಲು ಕೇಳಿ, 112ಕ್ಕೆ ಫೋನು ಮಾಡಿ. ಪಕ್ಕದಲ್ಲಿರುವ ಹಿರಿಯ ಹೆಂಗಸರಿಗೂ ಒಂದು ಮಾತು. ಕಾಲೇಜಿನ ಹುಡುಗಿ ದನಿ ಎತ್ತಿದಾಗ "ಹೋಗ್ಲಿ ಬುಡವ್ವಾ" ಎಂದು ಅವಳನ್ನೇ ಸುಮ್ಮನಾಗಿಸಬೇಡಿ. ಅವಳ ಪಕ್ಕಕ್ಕೆ ಸರಿದು ನಿಲ್ಲಿ. ಇಂಥ ಒಂದು ದಿನದ ಅವಮಾನಕ್ಕೆ ಮನೆಯವರು ಓದನ್ನೇ ಬಿಡಿಸಿದ ಹುಡುಗಿಯರಿದ್ದಾರೆ. ತಪ್ಪು ಮಾಡಿದವನು ಬಸ್ಸಿನಲ್ಲೇ ಉಳಿದ, ಹುಡುಗಿ ಮನೆಯಲ್ಲಿ ಉಳಿದಳು. ಇದು ಯಾವ ನ್ಯಾಯ?

ಸಂಜೆ ಕತ್ತಲಲ್ಲಿ ಇಳಿಯುವುದಿದ್ದರೆ ಮನೆಯಿಂದ ಯಾರಾದರೂ ಸ್ಟಾಪಿಗೆ ಬರಲಿ. ಊರಿನ ನಾಲ್ಕು ಹೆಂಗಸರು ಒಂದೇ ಬಸ್ಸಿಗೆ ಮಾತಾಡಿಕೊಂಡು ಹೊರಡುವುದು ಇನ್ನೂ ಒಳ್ಳೆಯದು. ಕೈ ತೋರಿಸಿ ಬಸ್ಸು ನಿಲ್ಲಿಸುವವರು ತಿರುವಿನಲ್ಲಿ ನಿಲ್ಲದೆ, ಡ್ರೈವರಿಗೆ ದೂರದಿಂದಲೇ ಕಾಣುವ ನೇರ ದಾರಿಯಲ್ಲಿ ನಿಲ್ಲಿ.

ಬಸ್ಸೇ ಬಾರದ ಊರು

ಇಷ್ಟು ಹೊತ್ತು ಹೇಳಿದ್ದೆಲ್ಲ ಬಸ್ಸು ಬರುವ ಊರಿನ ಮಾತಾಯಿತು. ಬಾರದ ಊರಿನವರು ಏನು ಮಾಡಬೇಕು? ಮಹದೇಶ್ವರ ಬೆಟ್ಟದ ಸುತ್ತ ಕಾಡಿನೊಳಗೆ ಇಂಡಿಗನತ್ತ, ಮೆಂದಾರೆ, ತುಳಸಿಕೆರೆ, ಪಡಸಲನತ್ತ, ದೊಡ್ಡಾಣೆಯಂಥ ಊರುಗಳಿವೆ. ಅಲ್ಲಿನ ರೋಗಿಗಳನ್ನು, ಬಸುರಿಯರನ್ನು ಡೋಲಿ ಕಟ್ಟಿ ಹೆಗಲ ಮೇಲೆ ಹೊತ್ತು ತಂದದ್ದು ಹಳೆಯ ಕಾಲದ ಕಥೆಯಲ್ಲ, ಈಚಿನ ವರ್ಷಗಳಲ್ಲೂ ಪತ್ರಿಕೆಗಳಲ್ಲಿ ಬಂದ ಸುದ್ದಿ. ಶಾಲೆಯ ಮಕ್ಕಳು, ಬಸುರಿಯರಿಗೆಂದು ಅರಣ್ಯ ಇಲಾಖೆ ಒಮ್ಮೆ ಜೀಪು ಓಡಿಸಲು ಮುಂದಾದದ್ದೂ ಉಂಟು. ರಸ್ತೆ ಮತ್ತಿತರ ಸೌಕರ್ಯ ಇಲ್ಲವೆಂಬ ಸಿಟ್ಟು 2024ರ ಏಪ್ರಿಲ್ 26ರ ಲೋಕಸಭಾ ಚುನಾವಣೆಯ ದಿನ ಇಂಡಿಗನತ್ತದ ಮತಗಟ್ಟೆಯಲ್ಲಿ ಸಿಡಿಯಿತು. ಮತಯಂತ್ರ ಒಡೆಯಿತು, ಮೂರು ದಿನದ ನಂತರ ಮರುಮತದಾನವಾಯಿತು. ಒಡೆದದ್ದು ತಪ್ಪೇ. ಆದರೆ ದಾರಿ ಇಲ್ಲದವರ ಸಂಕಟ ಎಷ್ಟಿರಬೇಕು ಎಂಬುದನ್ನೂ ಯೋಚಿಸಬೇಕಲ್ಲವೇ? ಹೆಂಗಸರಿಗೆ ಟಿಕೆಟ್ ಉಚಿತ ಎಂಬ ಮಾತಿಗೆ ಬಸ್ಸೇ ಬಾರದ ಊರಿನಲ್ಲಿ ಏನು ಅರ್ಥ?

ರಸ್ತೆಯಿದ್ದೂ ಬಸ್ಸಿಲ್ಲದ, ಇಲ್ಲವೇ ವೇಳೆಗೆ ಬಸ್ಸು ಬಾರದ ಊರಿನ ಸೋದರಿಯರು ಮಾಡಬಹುದಾದದ್ದು ಹೀಗೆ:

1. ಸ್ತ್ರೀಶಕ್ತಿ ಸಂಘದ ಸಭೆಯಲ್ಲಿ ವಿಷಯ ಎತ್ತಿ. ಎಷ್ಟು ಮಕ್ಕಳು ಶಾಲೆ ಕಾಲೇಜಿಗೆ ಹೋಗುತ್ತಾರೆ, ಎಷ್ಟು ಜನ ಕೆಲಸಕ್ಕೆ ಹೋಗುತ್ತಾರೆ, ಯಾವ ಹೊತ್ತಿಗೆ ಹೋಗಿ ಯಾವ ಹೊತ್ತಿಗೆ ಬರುತ್ತಾರೆ ಎಂದು ಒಂದು ಪಟ್ಟಿ ಮಾಡಿ. "ಬಸ್ಸು ಬೇಕು" ಎಂಬ ಮಾತಿಗಿಂತ "ಬೆಳಿಗ್ಗೆ ಏಳಕ್ಕೆ 32 ಮಕ್ಕಳು ಕಾಯುತ್ತಾರೆ" ಎಂಬಂಥ ಲೆಕ್ಕಕ್ಕೆ ಬೆಲೆ ಹೆಚ್ಚು.

2. ಗ್ರಾಮ ಸಭೆಯಲ್ಲಿ ಠರಾವು ಮಾಡಿಸಿ. ಅದರ ನಕಲನ್ನು ಜೊತೆಗಿಟ್ಟು ಕೊಳ್ಳೇಗಾಲದ ಡಿಪೋ ವ್ಯವಸ್ಥಾಪಕರಿಗೆ, ಚಾಮರಾಜನಗರದ ವಿಭಾಗೀಯ ನಿಯಂತ್ರಣಾಧಿಕಾರಿಗಳಿಗೆ ಅರ್ಜಿ ಕೊಡಿ. ಒಂದು ಪ್ರತಿ ಶಾಸಕರಿಗೆ.

3. ಅರ್ಜಿ ಕೊಟ್ಟಾಗ ನಿಮ್ಮ ಪ್ರತಿಯ ಮೇಲೆ ಮೊಹರು, ತಾರೀಖು ಹಾಕಿಸಿಕೊಳ್ಳಿ. ಮೊಹರಿಲ್ಲದ ಅರ್ಜಿ ಗಾಳಿಗೆ ಹೇಳಿದ ಮಾತು.

4. ದಾರಿಗೆ ಚಾಚಿದ ಕೊಂಬೆ, ಬಸ್ಸು ತಿರುಗಿಸಲು ಜಾಗ, ಕೊರೆದ ಮೋರಿ ಇವೆಲ್ಲ ನೆಪವಾಗಿ ನಿಲ್ಲುತ್ತವೆ. ಪಂಚಾಯ್ತಿಯಿಂದ ಮೊದಲೇ ಸರಿಪಡಿಸಿಕೊಳ್ಳಿ. ಅರಣ್ಯದ ಜಾಗವಾದರೆ ಅರಣ್ಯ ಇಲಾಖೆಯ ಒಪ್ಪಿಗೆ ಬೇಕು.

5. ಬಸ್ಸು ಬಂದ ಮೇಲೆ ಎಲ್ಲರೂ ಅದರಲ್ಲೇ ಹೋಗಿ. ಮೊದಲ ತಿಂಗಳು ಆಟೋದಲ್ಲಿ, ಬೈಕಿನಲ್ಲಿ ಹೋದರೆ "ಜನವೇ ಇಲ್ಲ" ಎಂದು ಬಸ್ಸು ನಿಂತೀತು.

ಒಮ್ಮೆಗೇ ಆಗದಿರಬಹುದು. ಎರಡನೆಯ ಸಲ ಹೋಗಿ, ಮೂರನೆಯ ಸಲ ಹೋಗಿ. ಗಂಡಸರ ಜೊತೆಗೆ ಹತ್ತು ಹೆಂಗಸರೂ ಹೋಗಿ. ಕಚೇರಿಯ ಮುಂದೆ ಸೆರಗು ಸಿಕ್ಕಿಸಿ ನಿಂತ ಹೆಂಗಸರ ಮಾತನ್ನು ತಳ್ಳಿಹಾಕುವುದು ಅಷ್ಟು ಸುಲಭವಲ್ಲ.

ಬಸ್ಸೆಂದರೆ ಬರಿಯ ತಗಡಿನ ಗಾಡಿಯಲ್ಲ. ಮಗಳು ಹತ್ತನೆಯ ತರಗತಿಗೇ ನಿಲ್ಲುತ್ತಾಳೋ ಮುಂದೆ ಓದುತ್ತಾಳೋ, ಕೆಮ್ಮು ಸೊಂಟನೋವನ್ನು ನುಂಗಿಕೊಂಡು ಕೂರುವುದೋ ಡಾಕ್ಟರಿಗೆ ತೋರಿಸುವುದೋ, ಗೂಡಿನ ಬೆಲೆ ದಲ್ಲಾಳಿ ಹೇಳಿದ್ದೋ ಮಾರುಕಟ್ಟೆಯಲ್ಲಿ ಕೂಗಿದ್ದೋ, ಇದೆಲ್ಲ ಬೆಳಗಿನ ಆ ಒಂದು ಬಸ್ಸಿನ ಮೇಲೆ ನಿಂತಿದೆ. ಇವತ್ತೇ ಒಂದು ಕೆಲಸ ಮಾಡಿ. ನಿಮ್ಮೂರಿಗೆ ಬಂದು ಹೋಗುವ ಬಸ್ಸುಗಳ ವೇಳೆಯನ್ನು ದೊಡ್ಡ ಅಕ್ಷರದಲ್ಲಿ ಬರೆದು ಅಡುಗೆಮನೆಯ ಗೋಡೆಗೆ ಅಂಟಿಸಿ. ಕಡೇ ಬಸ್ಸಿನ ವೇಳೆಯ ಕೆಳಗೆ ಕೆಂಪು ಗೆರೆ ಎಳೆಯಿರಿ. ಮಗಳಿಗೂ ಸೊಸೆಗೂ ಅದನ್ನು ತೋರಿಸಿ ಹೇಳಿ.